ಶೈಕ್ಷಣಿಕ ಪ್ರಸ್ತುತಿ: ಸಿದ್ಧತೆ ಮತ್ತು ಮಂಡನೆ

ಒಂದು ವಿಷಯವನ್ನು ಗೊತ್ತುಪಡಿಸಿದ ಸಮಯದೊಳಗೆ ಮಾತು, ಚಿತ್ರ, ಪ್ರಾತ್ಯಕ್ಷಿಕೆ, ಪ್ರಶ್ನೋತ್ತರಗಳ ಮೂಲಕ ಕೇಳುಗರಿಗೆ ಕಲಿಸಿಕೊಡುವುದಕ್ಕೆ ಶೈಕ್ಷಣಿಕ ಪ್ರಸ್ತುತಿ ಎಂದು ಹೆಸರು. ಶಾಲೆಯ ನಲವತ್ತು ನಿಮಿಷದ ಪೀರಿಯಡ್ಡು, ಕಾಲೇಜಿನ ಸೆಮಿನಾರು, ಕೃಷಿ ಮೇಳದಲ್ಲಿ ರೈತರಿಗೆ ಹೊಸ ತಳಿಯ ಪರಿಚಯ, ಆಶಾ ಕಾರ್ಯಕರ್ತೆಯರ ತರಬೇತಿ, ಸಂಜೆಯ ಸಾರ್ವಜನಿಕ ವಿಜ್ಞಾನ ಉಪನ್ಯಾಸ ಎಲ್ಲವೂ ಇದರ ವ್ಯಾಪ್ತಿಗೆ ಬರುತ್ತವೆ. ಭಾಷಣಕ್ಕೆ ಚಪ್ಪಾಳೆ ಬಿದ್ದರೆ ಸಾಕು. ಪ್ರಸ್ತುತಿಗೆ ಅಷ್ಟು ಸಾಲದು. ಸಭೆಯಿಂದ ಎದ್ದು ಹೋಗುವವರಿಗೆ, ಬರುವಾಗ ತಿಳಿಯದಿದ್ದ ಒಂದು ಸಂಗತಿ ತಿಳಿದಿರಬೇಕು, ಇಲ್ಲವೇ ಬಾರದಿದ್ದ ಒಂದು ಕೆಲಸ ಕೈಗೆ ಹತ್ತಿರಬೇಕು.

ಇಂದು ಪ್ರೆಸೆಂಟೇಶನ್ ಎಂದ ಕೂಡಲೇ ಪರದೆ, ಪ್ರೊಜೆಕ್ಟರು, ಪಿಪಿಟಿ ಕಣ್ಣಿಗೆ ಬರುತ್ತವೆ. ಕಸುಬು ಅವಕ್ಕಿಂತ ಬಹಳ ಹಳೆಯದು. ಗಮಕಿ ಕುಮಾರವ್ಯಾಸನ ಒಂದೆರಡು ಪದ್ಯ ವಾಚಿಸಿ ನಿಲ್ಲಿಸುತ್ತಾರೆ. ಪಕ್ಕದಲ್ಲಿ ಕುಳಿತ ವ್ಯಾಖ್ಯಾನಕಾರರು ಅದರ ಅರ್ಥ ಬಿಡಿಸುತ್ತಾರೆ. ಸಭೆ ಅದನ್ನು ಅರಗಿಸಿಕೊಂಡ ಮೇಲೆ ಮುಂದಿನ ಪದ್ಯ. ದೊಡ್ಡ ವಿಷಯವನ್ನು ತುತ್ತುತುತ್ತಾಗಿ ಮುರಿದು ಕೊಡುವ ಈ ಕ್ರಮವನ್ನೇ ಇಪ್ಪತ್ತನೆಯ ಶತಮಾನದ ಮನೋವಿಜ್ಞಾನಿಗಳು ಪ್ರಯೋಗಗಳ ಮೂಲಕ ಬೇರೆ ದಾರಿಯಿಂದ ಕಂಡುಕೊಂಡರು.

ಉಪಕರಣಗಳು

ಗಾಜಿನ ಮೇಲಿನ ಚಿತ್ರವನ್ನು ದೀಪದ ಬೆಳಕಿನಿಂದ ಗೋಡೆಗೆ ಎಸೆಯುವ ಮಾಯಾದೀಪವನ್ನು ಡಚ್ ವಿಜ್ಞಾನಿ ಕ್ರಿಶ್ಚಿಯನ್ ಹೈಗೆನ್ಸ್ 1659ರ ಸುಮಾರಿಗೆ ರೂಪಿಸಿದ. ಗೋಡೆಗೆ ತೂಗುಹಾಕುವ ಕರಿಹಲಗೆ ಶಾಲೆಗಳಲ್ಲಿ ನೆಲೆಯೂರಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಇದು ಚಿಕ್ಕ ಬದಲಾವಣೆಯಲ್ಲ. ಅಲ್ಲಿಯವರೆಗೆ ಒಬ್ಬೊಬ್ಬರ ಸ್ಲೇಟಿನ ಮೇಲೆ ಬೇರೆಬೇರೆಯಾಗಿ ನಡೆಯುತ್ತಿದ್ದ ಲೆಕ್ಕವನ್ನು ಇಡೀ ತರಗತಿ ಒಟ್ಟಿಗೆ ನೋಡುವಂತಾಯಿತು. ಇಪ್ಪತ್ತನೆಯ ಶತಮಾನದಲ್ಲಿ ಪಾರದರ್ಶಕ ಹಾಳೆಯ ಓವರ್‌ಹೆಡ್ ಪ್ರೊಜೆಕ್ಟರು, ಅಂದರೆ ಓಎಚ್‌ಪಿ ಬಂತು. 1961ರಲ್ಲಿ ಕೊಡಾಕ್ ಕಂಪನಿಯ ಕ್ಯಾರೊಸೆಲ್ ಸ್ಲೈಡ್ ಪ್ರೊಜೆಕ್ಟರು ಬಂತು.

ಪವರ್‌ಪಾಯಿಂಟ್ ಬಂದದ್ದು 1987ರಲ್ಲಿ. ಫೋರ್‌ಥಾಟ್ ಎಂಬ ಸಣ್ಣ ಕಂಪನಿಯಲ್ಲಿ ರಾಬರ್ಟ್ ಗ್ಯಾಸ್ಕಿನ್ಸ್ ಮತ್ತು ಡೆನ್ನಿಸ್ ಆಸ್ಟಿನ್ ಇದನ್ನು ಮೆಕಿಂಟಾಷ್ ಕಂಪ್ಯೂಟರಿಗಾಗಿ ರೂಪಿಸಿದರು. ಮೊದಲ ಆವೃತ್ತಿ ಕಪ್ಪುಬಿಳುಪಿನದು. ಓಎಚ್‌ಪಿ ಹಾಳೆಗಳನ್ನು ಮುದ್ರಿಸಿಕೊಳ್ಳುವುದೇ ಅದರ ಮುಖ್ಯ ಕೆಲಸ. ಅದೇ ವರ್ಷ ಮೈಕ್ರೋಸಾಫ್ಟ್ ಆ ಕಂಪನಿಯನ್ನು 1.4 ಕೋಟಿ ಡಾಲರಿಗೆ ಕೊಂಡುಕೊಂಡಿತು, 1990ರಲ್ಲಿ ವಿಂಡೋಸ್ ಆವೃತ್ತಿ ಹೊರಬಂತು. ಸಭೆಕೋಣೆಯಲ್ಲಿ ವ್ಯವಹಾರದ ಪ್ರಸ್ತಾವ ಮಂಡಿಸಲೆಂದು ಹುಟ್ಟಿದ ಈ ಉಪಕರಣ ಮುಂದೆ ತರಗತಿಗೂ ನಡೆದುಬಂತು. ಶೀರ್ಷಿಕೆ, ಕೆಳಗೆ ಬುಲೆಟ್ಟು, ಬುಲೆಟ್ಟಿನ ಕೆಳಗೆ ಮರಿ ಬುಲೆಟ್ಟು ಎಂಬ ಅದರ ಅಚ್ಚು ಪಾಠದ ಅಚ್ಚೂ ಆಯಿತು.

ಫ್ಯಾರಡೆಯ ಮೇಜು

ಈ ಕಸುಬಿನ ಮೇಲೆ ಕೂತು ಯೋಚಿಸಿದವರಲ್ಲಿ ಮೈಕೆಲ್ ಫ್ಯಾರಡೆ ಮುಖ್ಯ. ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸ ಕಲಿಯುತ್ತಿದ್ದ ಈ ಯುವಕ 1812ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಹಂಫ್ರಿ ಡೇವಿಯ ಉಪನ್ಯಾಸಗಳನ್ನು ಕೇಳಿ, ಟಿಪ್ಪಣಿಗಳನ್ನು ಶುದ್ಧಪ್ರತಿ ಮಾಡಿ, ತಾನೇ ರಟ್ಟು ಕಟ್ಟಿ ಡೇವಿಗೆ ಕಳಿಸಿದ. ಮರುವರ್ಷ ಅಲ್ಲೇ ಸಹಾಯಕನ ಕೆಲಸ ಸಿಕ್ಕಿತು. ಸೇರಿದ ಕೆಲವೇ ತಿಂಗಳಲ್ಲಿ ಗೆಳೆಯ ಬೆಂಜಮಿನ್ ಅಬಾಟ್‌ಗೆ ಬರೆದ ಕಾಗದಗಳಲ್ಲಿ ಆತ ಒಳ್ಳೆಯ ಉಪನ್ಯಾಸದ ಲಕ್ಷಣಗಳನ್ನು ವಿವರಿಸಿದ್ದಾನೆ: ಕೋಣೆಯೊಳಗೆ ಗಾಳಿ ಆಡಬೇಕು, ಉಪಕರಣ ಎಲ್ಲರಿಗೂ ಕಾಣಬೇಕು, ಮಾತು ನಿಧಾನವಾಗಿರಬೇಕು, ಉಪನ್ಯಾಸ ಒಂದು ಗಂಟೆ ಮೀರಬಾರದು. ಬರೆದಾಗ ಅವನಿಗೆ ಇಪ್ಪತ್ತೊಂದು ವರ್ಷ.

ಮಾತುಗಾರಿಕೆ ಅವನಿಗೆ ಹುಟ್ಟಿನಿಂದ ಬಂದದ್ದಲ್ಲ. ಬೆಂಜಮಿನ್ ಸ್ಮಾರ್ಟ್ ಎಂಬ ಶಿಕ್ಷಕನ ಬಳಿ ಉಚ್ಚಾರಣೆಯ ಪಾಠ ಹೇಳಿಸಿಕೊಂಡ. ತಾನು ಮಾತಿನ ಭರದಲ್ಲಿ ಓಡಿದರೆ ಕಣ್ಣಿಗೆ ಬೀಳಲೆಂದು ‘ನಿಧಾನ’ ಎಂದು ಬರೆದ ಕಾರ್ಡೊಂದನ್ನು ಸಹಾಯಕನಿಂದ ಎದುರಿಗಿಡಿಸಿಕೊಳ್ಳುತ್ತಿದ್ದ. ಸಮಯ ಮುಗಿಯುತ್ತ ಬಂದಾಗ ಎಚ್ಚರಿಸುವುದಕ್ಕೆ ಇನ್ನೊಂದು ಕಾರ್ಡು. 1825ರಲ್ಲಿ ಆ ಸಂಸ್ಥೆ ಮಕ್ಕಳಿಗಾಗಿ ಆರಂಭಿಸಿದ ಕ್ರಿಸ್‌ಮಸ್ ಉಪನ್ಯಾಸಮಾಲೆಯನ್ನು 1827ರಿಂದ 1860ರ ನಡುವೆ ಫ್ಯಾರಡೆ 19 ಬಾರಿ ನಡೆಸಿಕೊಟ್ಟ.

ಅವುಗಳಲ್ಲಿ ಹೆಸರಾದದ್ದು ಮೇಣದ ಬತ್ತಿಯ ರಸಾಯನಶಾಸ್ತ್ರ. ಅದರ ಒಂದು ಪ್ರಯೋಗವನ್ನು ಇಂದಿಗೂ ಯಾವ ತರಗತಿಯಲ್ಲಾದರೂ ಮಾಡಿ ತೋರಿಸಬಹುದು. ಉರಿಯುವ ಬತ್ತಿಯನ್ನು ಮೆಲ್ಲಗೆ ಆರಿಸಿದರೆ ತುದಿಯಿಂದ ಬಿಳಿಯ ಹೊಗೆಯ ಎಳೆ ಮೇಲೇಳುತ್ತದೆ. ಗಾಳಿ ಅಲುಗಾಡದಂತೆ ನೋಡಿಕೊಂಡು, ಗೀರಿದ ಬೆಂಕಿಕಡ್ಡಿಯನ್ನು ಬತ್ತಿಗೆ ತಾಗಿಸದೆ ಒಂದೆರಡು ಅಂಗುಲ ಮೇಲೆ ಆ ಎಳೆಗೆ ಹಿಡಿದರೆ, ಬೆಂಕಿ ಹೊಗೆಯನ್ನೇ ಹಿಡಿದು ಇಳಿದುಬಂದು ಬತ್ತಿಯನ್ನು ಮತ್ತೆ ಹೊತ್ತಿಸುತ್ತದೆ. ಉರಿಯುವುದು ಘನ ಮೇಣವಲ್ಲ, ಅದರ ಆವಿ ಎಂಬ ಮಾತನ್ನು ಇದಾದ ಮೇಲೆ ಪ್ರತ್ಯೇಕವಾಗಿ ಒಪ್ಪಿಸಬೇಕಾಗುವುದಿಲ್ಲ. ಕೈಬಿಟ್ಟರೆ ಕಲ್ಲು ನೆಲಕ್ಕೆ ಬೀಳುತ್ತದೆ ಎಂದು ಹೇಳಬೇಕಾಗಿ ಬಂದರೂ ಕಲ್ಲನ್ನು ಹಿಡಿದು ಕೈಬಿಟ್ಟೇ ತೋರಿಸಬೇಕು ಎಂಬುದು ಫ್ಯಾರಡೆ ಕಿರಿಯರಿಗೆ ಕೊಟ್ಟ ಸಲಹೆ.

ಒಂದು ಲೋಟ ಐಸ್ ನೀರು, ಒಂದು ಸ್ಲೈಡು

ತೋರಿಸುವುದಕ್ಕೂ ಪಟ್ಟಿ ಓದುವುದಕ್ಕೂ ಇರುವ ಅಂತರವನ್ನು ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾದ ಎರಡು ದುರಂತಗಳು ಎತ್ತಿ ತೋರಿಸುತ್ತವೆ. ಇವು ತರಗತಿಯ ಕತೆಗಳಲ್ಲದಿದ್ದರೂ ಪ್ರಸ್ತುತಿಯ ಚರ್ಚೆ ಬಂದಲ್ಲೆಲ್ಲ ಬರುತ್ತವೆ.

1986ರ ಜನವರಿ 28ರಂದು ಚಾಲೆಂಜರ್ ನೌಕೆ ಸ್ಫೋಟಿಸಿತು. ತನಿಖಾ ಆಯೋಗದ ಸದಸ್ಯರಾಗಿದ್ದ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಫೆಬ್ರವರಿ 11ರ ಬಹಿರಂಗ ವಿಚಾರಣೆಯಲ್ಲಿ ನೌಕೆಯ ರಾಕೆಟ್ಟಿನ ರಬ್ಬರ್ ಬಳೆಯ ತುಂಡೊಂದನ್ನು ಕ್ಲ್ಯಾಂಪಿನಲ್ಲಿ ಬಿಗಿದು, ಮುಂದಿದ್ದ ಐಸ್ ನೀರಿನ ಲೋಟದಲ್ಲಿ ಮುಳುಗಿಸಿ, ಹೊರತೆಗೆದು ಸಡಿಲಿಸಿದರು. ರಬ್ಬರು ತಕ್ಷಣ ಪುಟಿದೇಳಲಿಲ್ಲ. ಚಳಿಯಲ್ಲಿ ಬಳೆ ಬಿಗುವು ಕಳೆದುಕೊಂಡು ಸಂದನ್ನು ಮುಚ್ಚಲಾರದು ಎಂಬ ಅಂಶ ಟಿವಿ ನೋಡುತ್ತಿದ್ದವರಿಗೂ ಅರ್ಥವಾಯಿತು.

2003ರ ಜನವರಿ 16ರಂದು ಹೊರಟ ಕೊಲಂಬಿಯಾ ನೌಕೆಯ ಎಡರೆಕ್ಕೆಗೆ, ಹಾರಿದ ಒಂದೂವರೆ ನಿಮಿಷದೊಳಗೆ ಇಂಧನ ಟ್ಯಾಂಕಿನಿಂದ ಕಳಚಿದ ಫೋಮಿನ ತುಂಡು ಬಡಿಯಿತು. ಅಪಾಯ ಎಷ್ಟು ಎಂದು ಎಂಜಿನಿಯರರು ಸ್ಲೈಡುಗಳಲ್ಲಿ ವಿವರಿಸಿದರು. ಅವುಗಳಲ್ಲೊಂದನ್ನು ಯೇಲ್ ವಿಶ್ವವಿದ್ಯಾನಿಲಯದ ಎಡ್ವರ್ಡ್ ಟಫ್ಟಿ ಬಿಡಿಸಿ ನೋಡಿದ್ದಾರೆ. ಹಿಂದಿನ ಪರೀಕ್ಷೆಗಳ ಮಾಹಿತಿ ನೆಮ್ಮದಿ ಕೊಡುವಂತಿದೆ ಎಂಬ ಧ್ವನಿ ಶೀರ್ಷಿಕೆಯಲ್ಲಿತ್ತು. ಕೆಳಗೆ ಬುಲೆಟ್ಟು, ಅಡ್ಡಗೆರೆ, ಮರಿ ಬುಲೆಟ್ಟುಗಳ ಮೆಟ್ಟಿಲು ಮೆಟ್ಟಿಲು. ಬಡಿದ ತುಂಡು ಸುಮಾರು 1,920 ಘನ ಅಂಗುಲದ್ದು, ಪರೀಕ್ಷೆಗೆ ಬಳಸಿದ್ದು ಬರೀ 3 ಘನ ಅಂಗುಲದ್ದು ಎಂಬ ಸಂಗತಿ ಕಟ್ಟಕಡೆಯ ಸಾಲಿನಲ್ಲಿ, ಸಣ್ಣ ಅಕ್ಷರದಲ್ಲಿತ್ತು. ಪರೀಕ್ಷೆಗಿಂತ 640 ಪಟ್ಟು ದೊಡ್ಡ ತುಂಡು! ಫೆಬ್ರವರಿ 1ರಂದು ಮರಳುವ ಹಾದಿಯಲ್ಲಿ ನೌಕೆ ಒಡೆದು ಕಲ್ಪನಾ ಚಾವ್ಲಾ ಸೇರಿದಂತೆ ಏಳು ಮಂದಿ ತೀರಿಕೊಂಡರು. ತಾಂತ್ರಿಕ ವರದಿಯ ಜಾಗದಲ್ಲಿ ಸ್ಲೈಡುಗಳನ್ನು ಇಟ್ಟುಕೊಳ್ಳುವ ರೂಢಿಯನ್ನು ತನಿಖಾ ಮಂಡಳಿ ಆಗಸ್ಟ್ 2003ರ ವರದಿಯಲ್ಲಿ ಟೀಕಿಸಿತು.

ಮನಸ್ಸಿನ ಅಳತೆ

ಕೇಳುಗರು ಒಮ್ಮೆಗೆ ಎಷ್ಟು ಹಿಡಿದಿಟ್ಟುಕೊಳ್ಳಬಲ್ಲರು ಎಂಬುದೇ ಪ್ರಸ್ತುತಿಯ ಬುಡದಲ್ಲಿರುವ ಪ್ರಶ್ನೆ. ಮನೋವಿಜ್ಞಾನಿ ಜಾರ್ಜ್ ಮಿಲ್ಲರ್ 1956ರಲ್ಲಿ ಏಳರ ಆಚೀಚೆ ಎಂದರು. ನೆಲ್ಸನ್ ಕೋವನ್ 2001ರಲ್ಲಿ ಅದನ್ನು ನಾಲ್ಕರ ಹತ್ತಿರಕ್ಕೆ ಇಳಿಸಿದರು. ಆಸ್ಟ್ರೇಲಿಯಾದ ಜಾನ್ ಸ್ವೆಲ್ಲರ್ 1988ರಲ್ಲಿ ಮಂಡಿಸಿದ ಅರಿವಿನ ಹೊರೆಯ ಸಿದ್ಧಾಂತ ಹೇಳುವುದೂ ಇದನ್ನೇ: ಕ್ಷಣಿಕ ಸ್ಮೃತಿಯ ಜಾಗ ಚಿಕ್ಕದು, ಅನಗತ್ಯ ಸಾಮಾನು ತುಂಬಿದರೆ ಪಾಠಕ್ಕೆ ಜಾಗ ಉಳಿಯುವುದಿಲ್ಲ.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಸಾಂತಾ ಬಾರ್ಬರಾ ಕೇಂದ್ರದ ರಿಚರ್ಡ್ ಮೇಯರ್ ಇದನ್ನು ಚಿತ್ರ ಮತ್ತು ಮಾತಿನ ಜೋಡಣೆಗೆ ಅನ್ವಯಿಸಿ ದಶಕಗಳ ಕಾಲ ಪ್ರಯೋಗ ನಡೆಸಿದರು. ಬರೀ ಮಾತಿಗಿಂತ ಮಾತಿನ ಜೊತೆ ಚಿತ್ರವಿದ್ದರೆ ಕಲಿಕೆ ಹೆಚ್ಚು. ಚಿತ್ರದ ಭಾಗಗಳ ಹೆಸರು ಪಕ್ಕದ ಪಟ್ಟಿಯಲ್ಲಿರುವುದಕ್ಕಿಂತ ಆಯಾ ಭಾಗದ ಮೇಲೆಯೇ ಇರಬೇಕು. ವಿಷಯಕ್ಕೆ ಸಂಬಂಧವಿಲ್ಲದ ಅಲಂಕಾರ, ಹಿನ್ನೆಲೆ ಸಂಗೀತ, ಮಜದ ಉಪಕತೆ ಎಲ್ಲವೂ ಕಲಿಕೆಯನ್ನು ಕುಗ್ಗಿಸುತ್ತವೆ. ಅವರು ಕಂಡುಕೊಂಡ ಇನ್ನೊಂದು ನಿಯಮ ತರಗತಿಯಲ್ಲಿ ನಿತ್ಯವೂ ಮುರಿಯಲ್ಪಡುವಂಥದ್ದು: ಚಿತ್ರವೊಂದನ್ನು ಬಾಯಲ್ಲಿ ವಿವರಿಸುತ್ತಿರುವಾಗ ಅದೇ ವಾಕ್ಯಗಳನ್ನು ಪರದೆಯ ಮೇಲೂ ಹಾಕಿದರೆ ತೊಂದರೆಯೇ ಹೆಚ್ಚು. ಕಣ್ಣು ಓದುವ ವೇಗ ಬೇರೆ, ಕಿವಿ ಕೇಳುವ ವೇಗ ಬೇರೆ. ಮನಸ್ಸು ಎರಡನ್ನೂ ತಾಳೆ ನೋಡುವುದರಲ್ಲೇ ದಣಿಯುತ್ತದೆ. ಇದಕ್ಕೆ ವಿನಾಯಿತಿಯೂ ಉಂಟು. ಹೊಸ ಪಾರಿಭಾಷಿಕ ಪದ, ಸೂತ್ರ, ಕೇಳುಗರಿಗೆ ಇನ್ನೂ ರೂಢಿಯಾಗದ ಭಾಷೆಯ ಮಾತುಗಳನ್ನು ಬರೆದು ತೋರಿಸಿದರೆ ಅನುಕೂಲವೇ. ಕನ್ನಡ ಮಾಧ್ಯಮದಲ್ಲಿ ಓದಿ ಇಂಗ್ಲಿಷ್ ಮಾಧ್ಯಮದ ಕಾಲೇಜಿಗೆ ಬಂದವರಿಗೆ ಕಿವಿಗೆ ಬಿದ್ದ ಪದ ಕಣ್ಣಿಗೂ ಬೀಳಬೇಕು.

ಈ ಕ್ಷೇತ್ರದಲ್ಲಿ ಗಾಳಿಮಾತುಗಳೂ ಕಡಿಮೆಯಿಲ್ಲ. ಓದಿದ್ದರಲ್ಲಿ ಶೇಕಡಾ 10, ಕೇಳಿದ್ದರಲ್ಲಿ 20, ಮಾಡಿದ್ದರಲ್ಲಿ 90 ನೆನಪಿರುತ್ತದೆ ಎಂಬ ಪಟ್ಟಿಯನ್ನು ಶಿಕ್ಷಕರ ತರಬೇತಿಗಳಲ್ಲಿ ಎಡ್ಗರ್ ಡೇಲ್ ಅವರ ಹೆಸರಿನಲ್ಲಿ ತೋರಿಸುವುದುಂಟು. ಡೇಲ್ 1946ರಲ್ಲಿ ಪ್ರಕಟಿಸಿದ ಅನುಭವ ಶಂಕುವಿನಲ್ಲಿ ಒಂದು ಅಂಕಿಯೂ ಇಲ್ಲ, ಅವೆಲ್ಲ ಆಮೇಲೆ ಯಾರೋ ಅಂಟಿಸಿದ್ದು. ಸಂವಹನದಲ್ಲಿ ಮಾತಿನ ಪಾಲು ಶೇಕಡಾ 7 ಮಾತ್ರ ಎಂಬುದೂ ಇಂಥದ್ದೇ. ಆಲ್ಬರ್ಟ್ ಮೆಹ್ರೇಬಿಯನ್ ಅವರ 1967ರ ಪ್ರಯೋಗಗಳು ಭಾವನೆ ಮತ್ತು ಒಲವುಗಳಿಗೆ ಸಂಬಂಧಿಸಿದವು. ಪೈಥಾಗೊರಸನ ಪ್ರಮೇಯವನ್ನು ಕೈಸನ್ನೆಯಲ್ಲಿ ವಿವರಿಸಬಹುದು ಎಂದು ಅವು ಹೇಳುವುದಿಲ್ಲ.

ಸಿದ್ಧತೆ

ಸಿದ್ಧತೆ ಕಂಪ್ಯೂಟರ್ ತೆರೆಯುವ ಮೊದಲೇ, ಕಾಗದದ ಮೇಲೆ ಆರಂಭವಾದರೆ ಒಳ್ಳೆಯದು. ಮೊದಲು ಬರೆಯಬೇಕಾದ್ದು ಒಂದೇ ವಾಕ್ಯ: ಪ್ರಸ್ತುತಿ ಮುಗಿದ ಮೇಲೆ ಕೇಳುಗರು ಏನು ಹೇಳಬಲ್ಲವರು, ಏನು ಮಾಡಬಲ್ಲವರು ಆಗಿರಬೇಕು? ‘ಮಣ್ಣಿನ ಆರೋಗ್ಯದ ಬಗ್ಗೆ ತಿಳಿಸುವುದು’ ಎಂದರೆ ಅದು ಶೀರ್ಷಿಕೆಯಾಯಿತು. ‘ಮಣ್ಣು ಪರೀಕ್ಷೆಗೆ ಹೊಲದ ಎಲ್ಲೆಲ್ಲಿಂದ, ಎಷ್ಟು ಆಳದಿಂದ ಮಾದರಿ ತೆಗೆಯಬೇಕೆಂದು ರೈತರು ತಾವೇ ಮಾಡಿ ತೋರಿಸುವರು’ ಎಂದರೆ ಗುರಿ. ಗುರಿ ಇಷ್ಟು ಖಚಿತವಾದಾಗ ಯಾವುದನ್ನು ಬಿಡಬೇಕೆಂಬುದು ತಾನಾಗಿ ಹೊಳೆಯುತ್ತದೆ.

ಬಿಡುವುದೇ ಕಷ್ಟದ ಕೆಲಸ. ತಿಂಗಳುಗಟ್ಟಲೆ ಓದಿದ್ದನ್ನೆಲ್ಲ ಹೇಳಿಬಿಡಬೇಕೆಂಬ ಆಸೆ ಯಾರಿಗೂ ಸಹಜ. ಅನುಭವಿ ಉಪನ್ಯಾಸಕರು ಒಂದು ಗಂಟೆಗೆ ಮೂರು ನಾಲ್ಕು ಮುಖ್ಯಾಂಶ ಇಟ್ಟುಕೊಂಡು, ಉಳಿದ ಅಂಕಿಅಂಶ, ಕೋಷ್ಟಕ, ಸಾಧನೆಗಳನ್ನು ಕೈಹಾಳೆಯಲ್ಲಿ ಕೊಡುತ್ತಾರೆ. ಕೈಹಾಳೆಗೂ ಸ್ಲೈಡಿಗೂ ಕೆಲಸ ಬೇರೆ ಬೇರೆ: ಒಂದು ಮನೆಗೆ ಒಯ್ದು ಓದುವುದಕ್ಕೆ, ಇನ್ನೊಂದು ಅರೆಗಳಿಗೆ ನೋಡುವುದಕ್ಕೆ. ಸ್ಲೈಡುಗಳ ಮುದ್ರಿತ ಪ್ರತಿಯನ್ನೇ ಕೈಹಾಳೆಯೆಂದು ಹಂಚಿದರೆ ಎರಡೂ ಕೆಲಸ ಕೆಡುತ್ತವೆ.

ಮುಂದಿನದು ಕೇಳುಗರಿಗೆ ಈಗಾಗಲೇ ಏನು ಗೊತ್ತಿದೆ ಎಂಬ ಅಂದಾಜು. ಪರಿಭಾಷೆಯ ತೊಡಕು ಇಲ್ಲೇ ಎದುರಾಗುತ್ತದೆ. ದ್ಯುತಿಸಂಶ್ಲೇಷಣೆ ಎಂಬ ಪದದಿಂದ ಪಾಠ ಶುರುವಾದರೆ ಮಕ್ಕಳು ಪದವನ್ನು ಬಾಯಿಪಾಠ ಮಾಡಲು ತೊಡಗುತ್ತಾರೆ. ಎಲೆ ಬಿಸಿಲಿನಲ್ಲಿ ತನ್ನ ಅಡುಗೆ ತಾನೇ ಮಾಡಿಕೊಳ್ಳುವ ಸಂಗತಿ ಮೊದಲು ಮನಸ್ಸಿಗೆ ಇಳಿದು, ಹೆಸರು ಆಮೇಲೆ ಬಂದರೆ ಅಷ್ಟು ಉದ್ದದ ಪದಕ್ಕೂ ಆಸರೆ ಸಿಗುತ್ತದೆ.

ಕೊನೆಯದು ಗಟ್ಟಿಯಾಗಿ ಮಾತಾಡಿ, ಗಡಿಯಾರ ಇಟ್ಟುಕೊಂಡು ಮಾಡುವ ತಾಲೀಮು. ಮನಸ್ಸಿನಲ್ಲೇ ಓದಿಕೊಂಡಾಗ ಇಪ್ಪತ್ತು ನಿಮಿಷಕ್ಕೆ ಮುಗಿಯುವುದು ಸಭೆಯ ಮುಂದೆ ಮೂವತ್ತಾಗುವುದು ಅಪರೂಪವಲ್ಲ. ಬಿ.ಇಡಿ. ಕಾಲೇಜುಗಳಲ್ಲಿ ನಡೆಯುವ ಅಣುಬೋಧನೆ ಇಂಥ ತಾಲೀಮಿನ ವ್ಯವಸ್ಥಿತ ರೂಪ. 1960ರ ದಶಕದಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಹುಟ್ಟಿದ ಈ ಪದ್ಧತಿಯ ಭಾರತೀಯ ಮಾದರಿಯಲ್ಲಿ ಒಂದು ಸುತ್ತಿಗೆ 36 ನಿಮಿಷ: 6 ನಿಮಿಷ ಪಾಠ, 6 ನಿಮಿಷ ಸಹಪಾಠಿಗಳ ಹಿಮ್ಮಾಹಿತಿ, 12 ನಿಮಿಷ ಮರುಯೋಜನೆ, ಮತ್ತೆ 6 ನಿಮಿಷ ಪಾಠ, 6 ನಿಮಿಷ ಹಿಮ್ಮಾಹಿತಿ. ಒಂದು ಸುತ್ತಿಗೆ ಒಂದೇ ಕೌಶಲ. ಇಂದು ಪ್ರಶ್ನೆ ಕೇಳುವುದು, ನಾಳೆ ಉದಾಹರಣೆ ಕೊಡುವುದು, ನಾಡಿದ್ದು ಕರಿಹಲಗೆಯ ಬಳಕೆ.

ಪರದೆಯ ಮೇಲೆ ಕನ್ನಡ

ಕನ್ನಡದಲ್ಲಿ ಸ್ಲೈಡು ಮಾಡುವವರಿಗೆ ಇಂಗ್ಲಿಷ್ ಕೈಪಿಡಿಗಳು ಹೇಳದ ಒಂದೆರಡು ತಾಪತ್ರಯಗಳಿವೆ. ಮನೆಯಲ್ಲಿ ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಮುತುವರ್ಜಿಯಿಂದ ಸಿದ್ಧಪಡಿಸಿದ ಪಿಪಿಟಿಯನ್ನು ಪೆನ್‌ಡ್ರೈವಿನಲ್ಲಿ ತಂದು ಸಭಾಂಗಣದ ಕಂಪ್ಯೂಟರಿನಲ್ಲಿ ತೆರೆದಾಗ ಪರದೆ ತುಂಬ ರೋಮನ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ ಕಾಣುವುದು ಅನೇಕರ ಅನುಭವ. ಆ ಫಾಂಟುಗಳು ಕನ್ನಡದ ಆಕಾರಗಳನ್ನು ರೋಮನ್ ಅಕ್ಷರಗಳ ಸಂಕೇತಸ್ಥಾನದಲ್ಲಿ ಕೂರಿಸಿದ್ದವು. ಫಾಂಟ್ ಇಲ್ಲದ ಯಂತ್ರ ಆ ಸಂಕೇತಗಳನ್ನಷ್ಟೇ ತೋರಿಸುತ್ತದೆ. ಯೂನಿಕೋಡ್‌ನಲ್ಲಿ ಬರೆದರೆ ಈ ಪೀಡೆ ಇಲ್ಲ. ಜೊತೆಗೊಂದು ಪಿಡಿಎಫ್ ಪ್ರತಿ ಇಟ್ಟುಕೊಂಡರೆ ಇನ್ನೂ ಭದ್ರ.

ಇನ್ನೊಂದು ತಾಪತ್ರಯ ಒತ್ತಕ್ಷರದ್ದು. ‘ರಾಷ್ಟ್ರ’, ‘ವಸ್ತ್ರ’ ಮೊದಲಾದ ಪದಗಳಲ್ಲಿ ಒತ್ತುಗಳು ಸಾಲಿನ ಕೆಳಗೆ ಇಳಿಯುತ್ತವೆ, ಕೆಳಸಾಲಿನ ಗುಡಿಸುಗಳು ಮೇಲಕ್ಕೆ ಏರುತ್ತವೆ. ರೋಮನ್ ಲಿಪಿಗೆ ಹೊಂದುವ ಸಾಲಂತರದಲ್ಲಿ ಇವೆರಡೂ ಒಂದಕ್ಕೊಂದು ತಾಗಿ ಹಿಂದಿನ ಬೆಂಚಿನವರಿಗೆ ಬರೀ ಕಪ್ಪು ಚುಕ್ಕೆಯಾಗಿ ಕಾಣುತ್ತವೆ. ಕನ್ನಡದ ಸ್ಲೈಡಿಗೆ ಸಾಲಂತರ ಧಾರಾಳವಾಗಿರಬೇಕು, ಸಾಲುಗಳ ಸಂಖ್ಯೆ ಅಷ್ಟಕ್ಕಷ್ಟು ಕಡಿಮೆಯಾಗಬೇಕು. ಕೆಂಪು ಮತ್ತು ಹಸಿರನ್ನು ಬೇರ್ಪಡಿಸಲಾರದ ಕಣ್ಣಿನವರು ಎಲ್ಲ ಸಭೆಗಳಲ್ಲೂ ಇರಬಹುದಾದ್ದರಿಂದ, ನಕ್ಷೆಯ ಗೆರೆಗಳ ವ್ಯತ್ಯಾಸವನ್ನು ಆ ಬಣ್ಣಗಳೊಂದಕ್ಕೇ ಬಿಡದೆ ಗೆರೆಯ ಪಕ್ಕದಲ್ಲಿ ಹೆಸರು ಬರೆಯುವುದು ಒಳ್ಳೆಯದು.

ಮಂಡನೆ

ಮೊದಲ ಎರಡು ಮೂರು ನಿಮಿಷವನ್ನು ಸ್ವಾಗತ, ಕೃತಜ್ಞತೆ, ‘ನನಗೆ ಹೆಚ್ಚು ಸಮಯವಿಲ್ಲ’ ಎಂಬ ಪೀಠಿಕೆಗಳು ನುಂಗಿಹಾಕುವುದು ನಮ್ಮ ಸಭೆಗಳ ವಾಡಿಕೆ. ರಾಯಲ್ ಇನ್‌ಸ್ಟಿಟ್ಯೂಷನ್ನಿನ ಶುಕ್ರವಾರದ ಉಪನ್ಯಾಸಗಳ ಸಂಪ್ರದಾಯ ಇದಕ್ಕೆ ತದ್ವಿರುದ್ಧ: ಗಂಟೆ ಹೊಡೆಯುತ್ತಿದ್ದಂತೆ ಉಪನ್ಯಾಸಕರು ಒಳಬಂದು ನೇರವಾಗಿ ವಿಷಯಕ್ಕೆ ಇಳಿಯಬೇಕು, ಮುಂದಿನ ಗಂಟೆಗೆ ಸರಿಯಾಗಿ ಮುಗಿಸಬೇಕು.

ಆರಂಭಕ್ಕೆ ಒಂದು ಒಳ್ಳೆಯ ಪ್ರಶ್ನೆಯೇ ಸಾಕು. ಸಿ.ವಿ. ರಾಮನ್ 1968ರ ಡಿಸೆಂಬರಿನಲ್ಲಿ, ತಮ್ಮ ಎಂಬತ್ತನೆಯ ವಯಸ್ಸಿನಲ್ಲಿ, ಅಹಮದಾಬಾದಿನ ಸಮುದಾಯ ವಿಜ್ಞಾನ ಕೇಂದ್ರದಲ್ಲಿ ಮಾತಾಡಿದಾಗ ಆರಿಸಿಕೊಂಡ ವಿಷಯ ಆಕಾಶ ಏಕೆ ನೀಲಿ ಎಂಬುದು. ಎಲ್ಲರೂ ನಿತ್ಯ ನೋಡಿದ, ಹೆಚ್ಚಿನವರು ಕೇಳಿಕೊಳ್ಳದ ಪ್ರಶ್ನೆ. ಅಂಥ ಪ್ರಶ್ನೆಯ ಮುಂದೆ ಕೇಳುಗರು ಮೊದಲು ತಮ್ಮೊಳಗೇ ಉತ್ತರ ಹುಡುಕಿಕೊಳ್ಳುತ್ತಾರೆ.

ಸ್ವೀಡನ್ನಿನ ವೈದ್ಯ ಹ್ಯಾನ್ಸ್ ರೋಸ್ಲಿಂಗ್ 2006ರ ಟೆಡ್ ಉಪನ್ಯಾಸದಲ್ಲಿ ದೇಶಗಳ ಆಯುಷ್ಯ, ಕುಟುಂಬದ ಗಾತ್ರಗಳನ್ನು ಚಲಿಸುವ ಗುಳ್ಳೆಗಳಾಗಿ ತೋರಿಸಿದರು. ಜನ ನೆನಪಿಡುವುದು ಗುಳ್ಳೆಗಳನ್ನಾದರೂ ಕೆಲಸ ಮಾಡಿದ್ದು ಅವರ ಕ್ರಮ. ಮೊದಲು ಅಡ್ಡ ಅಕ್ಷ ಯಾವುದು, ಲಂಬ ಅಕ್ಷ ಯಾವುದು, ಗುಳ್ಳೆಯ ಗಾತ್ರವೆಂದರೇನು ಎಂದು ಹೇಳಿ, ಆಮೇಲಷ್ಟೇ ಚಿತ್ರವನ್ನು ಓಡಿಸಿದರು. ನಕ್ಷೆ ಪರದೆಗೆ ಬಂದ ಕೂಡಲೇ ತೀರ್ಮಾನಕ್ಕೆ ಹಾರುವ ಉಪನ್ಯಾಸಕರ ಹಿಂದೆ ಕೇಳುಗರು ಅಕ್ಷಗಳನ್ನು ಓದುತ್ತಲೇ ಉಳಿದುಬಿಡುತ್ತಾರೆ.

ಪ್ರಶ್ನೆ ಕೇಳಿ ಎರಡು ಕ್ಷಣದಲ್ಲಿ ತಾವೇ ಉತ್ತರ ಹೇಳಿಬಿಡುವುದು ಶಿಕ್ಷಕರ ಹಳೆಯ ಚಾಳಿ. ಪರದೆಯ ಕಡೆ ತಿರುಗಿ ಓದುವುದು ಇನ್ನೊಂದು. ಕರೆಂಟು ಹೋಗುವುದಂತೂ ಯಾರ ಕೈಯಲ್ಲೂ ಇಲ್ಲ. ಸೀಮೆಸುಣ್ಣದಲ್ಲಿ ಬರೆದು ಮುಂದುವರಿಸಲಾರದ ಪ್ರಸ್ತುತಿಯ ಸಿದ್ಧತೆ ಅರ್ಧವೇ ಆಗಿರುತ್ತದೆ.

ಕರ್ನಾಟಕದಲ್ಲಿ

ಕನ್ನಡ ನಾಡಿನಲ್ಲಿ ಜನರಿಗೆ ವಿಜ್ಞಾನ ಹೇಳುವ ಕೆಲಸಕ್ಕೆ ನೂರು ವರ್ಷ ದಾಟಿದ ಇತಿಹಾಸವಿದೆ. ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ 1918ರಲ್ಲಿ ‘ವಿಜ್ಞಾನ’ ಪತ್ರಿಕೆ ಹೊರಡಿಸಿದರು. ಮೈಸೂರು ವಿಶ್ವವಿದ್ಯಾನಿಲಯದ ಪ್ರಚಾರೋಪನ್ಯಾಸಗಳು ಅಧ್ಯಾಪಕರನ್ನು ಊರುಗಳಿಗೆ ಕರೆದೊಯ್ದವು. ಆ ಉಪನ್ಯಾಸಗಳು ಕಿರುಹೊತ್ತಗೆಗಳಾಗಿಯೂ ಜನರ ಕೈ ಸೇರಿದವು. ಎಚ್. ನರಸಿಂಹಯ್ಯ 1962ರಲ್ಲಿ ಸ್ಥಾಪಿಸಿದ ಬೆಂಗಳೂರು ಸೈನ್ಸ್ ಫೋರಂ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ವಾರವಾರ ನಡೆಸಿಕೊಂಡು ಬಂದ ಸಂಜೆಯ ಉಪನ್ಯಾಸಗಳಿಗೆ ಪ್ರವೇಶ ಎಲ್ಲರಿಗೂ ಮುಕ್ತ. ಮಕ್ಕಳ ವಿಜ್ಞಾನ ಸಮಾವೇಶಗಳಲ್ಲಿ ಮಕ್ಕಳೇ ಚಾರ್ಟು ಹಿಡಿದು ತಮ್ಮೂರಿನ ಕೆರೆಯ, ಬೆಳೆಯ ಅಧ್ಯಯನವನ್ನು ಕೆಲವೇ ನಿಮಿಷಗಳಲ್ಲಿ ಮಂಡಿಸಿ ತೀರ್ಪುಗಾರರ ಪ್ರಶ್ನೆಗಳಿಗೆ ಉತ್ತರಿಸುತ್ತಾರೆ.

ದೂರದಿಂದ ಕಲಿಸುವ ಪ್ರಯತ್ನವೂ ಇಲ್ಲಿ ಬೇಗನೆ ಆಯಿತು. 1975ರ ಆಗಸ್ಟಿನಿಂದ ಒಂದು ವರ್ಷ ನಡೆದ ಸೈಟ್ ಯೋಜನೆಯಲ್ಲಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಉಪಗ್ರಹದ ಮೂಲಕ ಟಿವಿ ಪಾಠ ತಲುಪಿತು. ಕರ್ನಾಟಕದ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. 2004ರಲ್ಲಿ ಹಾರಿದ ಎಜುಸ್ಯಾಟ್ ಉಪಗ್ರಹದ ಪಾಠಗಳು ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳನ್ನು ಮುಟ್ಟಿದವು.

ಕಲಿತರೇ?

ಪ್ರಸ್ತುತಿ ಹೇಗಿತ್ತು ಎಂದು ಕೇಳುಗರನ್ನೇ ಕೇಳುವುದು ಸುಲಭ, ಉತ್ತರವನ್ನು ನಂಬುವುದು ಕಷ್ಟ. 1970ರಲ್ಲಿ ಅಮೆರಿಕದ ಸಂಶೋಧಕರು ಮೈಕೆಲ್ ಫಾಕ್ಸ್ ಎಂಬ ನಟನನ್ನು ‘ಡಾಕ್ಟರ್ ಫಾಕ್ಸ್’ ಎಂದು ಪರಿಚಯಿಸಿ, ವೈದ್ಯಶಿಕ್ಷಣಕ್ಕೆ ಗಣಿತದ ಆಟಸಿದ್ಧಾಂತದ ಅನ್ವಯ ಎಂಬ ವಿಷಯದ ಮೇಲೆ ಮಾತಾಡಿಸಿದರು. ವಿರೋಧಾಭಾಸ, ಹಾರಿಕೆ ಮಾತು, ಹಾಸ್ಯಗಳಿಂದಲೇ ಹೆಣೆದ ಉಪನ್ಯಾಸವದು. ಮನೋವೈದ್ಯರು, ಮನೋವಿಜ್ಞಾನಿಗಳು, ಸಮಾಜಕಾರ್ಯದ ತಜ್ಞರಿದ್ದ ಸಭೆ ಅದಕ್ಕೆ ಒಳ್ಳೆಯ ಅಂಕವನ್ನೇ ಕೊಟ್ಟಿತು. 2019ರಲ್ಲಿ ಹಾರ್ವರ್ಡ್‌ನ ಭೌತಶಾಸ್ತ್ರ ತರಗತಿಗಳಲ್ಲಿ ನಡೆದ ಅಧ್ಯಯನವೂ ಈ ದಿಕ್ಕಿನದೇ. ನಯವಾದ ಉಪನ್ಯಾಸ ಕೇಳಿದವರು ತಾವು ಹೆಚ್ಚು ಕಲಿತೆವೆಂದು ಭಾವಿಸಿದರು. ಪರೀಕ್ಷೆಯಲ್ಲಿ ಮುಂದಿದ್ದವರು ತಾವೇ ಲೆಕ್ಕ ಬಿಡಿಸಿ ತಿಣುಕಾಡಿದವರು. ವಿಜ್ಞಾನ, ಎಂಜಿನಿಯರಿಂಗ್, ಗಣಿತದ 225 ಅಧ್ಯಯನಗಳನ್ನು ಒಟ್ಟುಗೂಡಿಸಿದ 2014ರ ವಿಶ್ಲೇಷಣೆಯಲ್ಲಿ, ಬರೀ ಉಪನ್ಯಾಸದ ತರಗತಿಗಳಲ್ಲಿ ಫೇಲಾದವರು ಸರಾಸರಿ ಶೇಕಡಾ 34, ವಿದ್ಯಾರ್ಥಿಗಳಿಗೆ ಕೆಲಸ ಕೊಟ್ಟ ತರಗತಿಗಳಲ್ಲಿ ಶೇಕಡಾ 22.

ಮೆಚ್ಚುಗೆಗೂ ಕಲಿಕೆಗೂ ಇರುವ ಈ ಅಂತರವನ್ನು ತಮ್ಮದೇ ತರಗತಿಯಲ್ಲಿ ಕಂಡುಕೊಂಡವರು ಹಾರ್ವರ್ಡ್‌ನ ಎರಿಕ್ ಮಝೂರ್. ವಿದ್ಯಾರ್ಥಿಗಳ ಮೆಚ್ಚುಗೆ ಅವರಿಗೆ ಧಾರಾಳವಾಗಿ ಸಿಗುತ್ತಿತ್ತು. 1990ರ ಸುಮಾರಿಗೆ, ಲೆಕ್ಕವಿಲ್ಲದ, ಬಲ ಮತ್ತು ಚಲನೆಯ ಮೂಲ ಪರಿಕಲ್ಪನೆಗಳನ್ನಷ್ಟೇ ಕೆಣಕುವ ಒಂದು ಪರೀಕ್ಷೆ ಕೊಟ್ಟಾಗ, ವಿದ್ಯಾರ್ಥಿನಿಯೊಬ್ಬಳು ಎದ್ದು, ಉತ್ತರವನ್ನು ನೀವು ಹೇಳಿಕೊಟ್ಟಂತೆ ಬರೆಯಬೇಕೋ ನಾನು ನಿಜವಾಗಿ ಯೋಚಿಸುವಂತೆ ಬರೆಯಬೇಕೋ ಎಂದು ವಿಚಾರಿಸಿದಳು. ಮಝೂರ್ ಪಾಠದ ಅಚ್ಚನ್ನೇ ಬದಲಿಸಿದರು. ಸ್ವಲ್ಪ ಹೊತ್ತು ವಿವರಣೆ, ಆಮೇಲೆ ಪರದೆಯ ಮೇಲೊಂದು ಪ್ರಶ್ನೆ. ಪ್ರತಿಯೊಬ್ಬರೂ ತಾವಾಗಿ ಯೋಚಿಸಿ ಉತ್ತರ ಸೂಚಿಸಬೇಕು. ಸರಿಯುತ್ತರ ಶೇಕಡಾ 30ಕ್ಕಿಂತ ಕಡಿಮೆಯಿದ್ದರೆ ಮತ್ತೆ ವಿವರಣೆ, 70 ದಾಟಿದರೆ ಮುಂದಿನ ವಿಷಯ. ಎರಡರ ನಡುವೆ ಇದ್ದರೆ ಉಪನ್ಯಾಸಕರು ಸುಮ್ಮನಾಗುತ್ತಾರೆ. ವಿದ್ಯಾರ್ಥಿಗಳು ಪಕ್ಕದವರ ಕಡೆ ತಿರುಗಿ ತಮ್ಮ ಉತ್ತರವೇ ಏಕೆ ಸರಿ ಎಂದು ವಾದಿಸಲು ಶುರುಮಾಡುತ್ತಾರೆ, ಕೆಲವು ನಿಮಿಷದ ನಂತರ ಅದೇ ಪ್ರಶ್ನೆಗೆ ಎರಡನೆಯ ಬಾರಿ ಉತ್ತರ ಕೊಡುತ್ತಾರೆ.